ಹದಿನಾಲ್ಕನೆಯ ವಿಷಯ

ಕೌಲ್ ಬಜಾರ್, ಬಳ್ಳಾರಿ
೨೧ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ಮೊಣಕಾಲು ಹೇಗಿದೆ? ಸೋಮವಾರ ಸಿರುಗುಪ್ಪದಲ್ಲಿ ಬೆಳಗಿನಿಂದ ಕಲ್ಲುಬೆಂಚಿನ ಮೇಲೆ ಕೂತಿದ್ದೆಯಲ್ಲ, ಬಾವು ಬಂದೇ ಬಂದಿರುತ್ತದೆ. ಹೋದ ತಿಂಗಳು ಕಳಿಸಿದ ಎಣ್ಣೆಯನ್ನು ಕಾಲಿಗೆ ತಿಕ್ಕಿಕೋ. ಗೂಡಿನಲ್ಲಿ ದೇವರ ಪಕ್ಕ ಇಟ್ಟರೆ ನೋವು ಹೋಗುವುದಿಲ್ಲ. ಯರ್ರಿಸ್ವಾಮಿ ಮಾವನ ಕೆಮ್ಮು ಕಡಿಮೆಯಾಯಿತೇ? ಬೀಡಿ ಬಿಟ್ಟೆನೆಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು, ಅಂದಿನಿಂದ ನನಗೇ ತಲೆನೋವು ಶುರುವಾಗಿದೆ. ಇಲ್ಲಿ ವೀರಭದ್ರಮ್ಮ, ಮಕ್ಕಳು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನೆ ಮಾವನೇ ಎತ್ತಿ, "ಆಕಿ ನಿನ್ನ ಕೂಡ ಮಾತಾಡಂಗಿಲ್ಲಂತಪಾ ಹುಲುಗೇಶಾ" ಎಂದು ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ಮಾವಾ, ಇದನ್ನು ಓದಿ ಹೇಳುವವರು ನೀವೇ. ಅಕ್ಕನಿಗೆ ನೋವಾದೀತೆಂದು ನಡುನಡುವೆ ಸಾಲು ನುಂಗಬೇಡಿ, ಇದ್ದದ್ದನ್ನು ಇದ್ದ ಹಾಗೆ ಓದಿ.

ಅಕ್ಕಾ, ನಾನು ಎಷ್ಟು ಸಲ ಹೇಳಿದರೂ ನೀನು ಸೋಮವಾರ ಬಂದ ಸಮಿತಿಯನ್ನು 'ಕಮಿಟಿ ಪಂಚಾಯ್ತಿ' ಎಂದೇ ಕರೆದೆ. ಹಾಗೇ ಕರೆ, ತಪ್ಪೇನಿಲ್ಲ. ಸದನದಲ್ಲಿ ಮಂತ್ರಿಗಳು "ಮಾಡಿಸುತ್ತೇವೆ" ಎಂದು ಎದ್ದು ನಿಂತು ಹೇಳಿದರೆ ಆ ಮಾತು ಒಂದು ಪಟ್ಟಿಗೆ ಸೇರುತ್ತದೆ. ಮಾತು ನಡೆಯಿತೋ ಇಲ್ಲವೋ ಎಂದು ಅಧಿಕಾರಿಗಳನ್ನು ಕೂರಿಸಿ ಕೇಳುವ ಶಾಸಕರ ಗುಂಪೇ ಈ ಸಮಿತಿ. ಐದು ವರ್ಷದ ಹಿಂದೆ ನಮ್ಮೂರ ಹಳ್ಳಕ್ಕೆ ಹದಿನೆಂಟು ತಿಂಗಳಲ್ಲಿ ಸೇತುವೆ ಎಂದು ಹೇಳಿದ್ದರು. ಎರಡು ವರ್ಷದ ಹಿಂದೆ, ಹಳ್ಳ ತುಂಬಿ ಹರಿಯುವಾಗ, ಆಚೆ ದಂಡೆಯಲ್ಲಿ ಆಂಬುಲೆನ್ಸ್ ನಿಂತಿತ್ತು, ಈಚೆ ದಂಡೆಯಲ್ಲಿ ಮಾವ ಹಾವು ಕಚ್ಚಿದ ನಾಗಲಕ್ಷ್ಮಿಯನ್ನು ಎತ್ತಿಕೊಂಡು ನಿಂತಿದ್ದರು. ಮಧ್ಯೆ ಅರವತ್ತು ಅಡಿ ನೀರು. ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ. ನೀನು ಹೆತ್ತ ಮಗಳಾದರೂ ನನ್ನ ತೊಡೆಯ ಮೇಲೆ ಬೆಳೆದ ಕೂಸು ಅದು.

ಹಳ್ಳದಲ್ಲಿ ಇವತ್ತಿಗೂ ಒಂದು ಕಂಬ ಎದ್ದಿಲ್ಲ. ಆದರೆ ಕಾಗದದಲ್ಲಿ ಸೇತುವೆ ಮುಗಿದಿದೆ, ಇಲಾಖೆಯಿಂದ ಫೋಟೋ ಸಮೇತ ಉತ್ತರ ಬಂದಿದೆ ಎಂದು ನನಗೆ ಆಗಸ್ಟಿನಲ್ಲೇ ತಿಳಿಯಿತು. ಸಮಿತಿ ಆ ಉತ್ತರವನ್ನು ಒಪ್ಪಿಬಿಟ್ಟರೆ ವಿಷಯ ಪಟ್ಟಿಯಿಂದ ಹೋಯಿತು. ಆಮೇಲೆ ಯಾರು ಕೇಳಿದರೂ "ಅದು ಈಡೇರಿದೆ" ಎನ್ನುತ್ತಾರೆ. ಆಗಲೇ ನಿನಗೆ ಹೇಳಿದೆ, ನೀನೇ ಬಂದು ಅವರ ಮುಂದೆ ಒಂದು ಮಾತು ಹೇಳಬೇಕು ಎಂದು. ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ಮಗಳು ತಿರುಗಿ ಬರಂಗಿಲ್ಲ, ಗೊತ್ತೈತಿ. ಸೇತುವಿ ಎಲ್ಲೈತಿ ತೋರಸ್ರಿ ಅಂತ ಒಂದು ಮಾತು ಕೇಳಬೇಕು ನಾನು. ಅಷ್ಟಽ ಸಾಕು ನನಗ."

ಆ ಒಂದು ಮಾತಿಗಾಗಿ ಎಷ್ಟು ಓಡಾಡಿದೆ ಎಂದು ಹೇಳಿದರೆ ಬಡಾಯಿ ಎನ್ನುತ್ತೀ. ಸಮಿತಿ ಬರುವ ದಿನದ ಕಾರ್ಯಕ್ರಮ ಹಾಕುವ ಕೆಲಸ ನಮ್ಮ ಜಿಲ್ಲಾ ಕಚೇರಿಯಲ್ಲಿ ನನ್ನದೇ. ಯಾವ ಕಾರಿನಲ್ಲಿ ಯಾರು, ಯಾವ ಸದಸ್ಯರಿಗೆ ಎಣ್ಣೆ ಹಾಕದ ಪಲ್ಯ, ಯಾರಿಗೆ ಜೋಳದ ರೊಟ್ಟಿ, ಯಾರಿಗೆ ಬಿಸಿನೀರು, ಎಲ್ಲ ನನ್ನ ತಲೆಗೆ. ಅವರು ಮೂರು ದಿನಾಂಕ ಕೊಟ್ಟು ಯಾವುದು ಅನುಕೂಲ ಎಂದು ಕೇಳಿದರು. ನಾನು ಬುದ್ಧಿವಂತ ನೋಡು, ಸೋಮವಾರ ಆರಿಸಿದೆ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಟ್ರ್ಯಾಕ್ಟರ್ ಇದ್ದವರೂ ಅಂದು ಹೊಲಕ್ಕೆ ಇಳಿಸುವುದಿಲ್ಲ. ಊರೆಲ್ಲ ಬಿಡುವಾಗಿರುತ್ತದೆ, ಅಕ್ಕನ ಹಿಂದೆ ಹತ್ತು ಜನ ಬಂದು ನಿಲ್ಲುತ್ತಾರೆ ಎಂದು ನನ್ನ ಲೆಕ್ಕ. ಬಂದರು ಕೂಡ, ನಮ್ಮ ಜೋಗಪ್ಪ ತಾತನೂ ಸೇರಿ ಹದಿನೇಳು ಮಂದಿ. ಕಚೇರಿಯಲ್ಲಿ ಯಾರಿಗೂ ಹೇಳದೆ ಒಬ್ಬನೇ ಹಿಗ್ಗಿದೆ.

ಅದು ಕಾರ್ತಿಕದ ಕಡೆಯ ಸೋಮವಾರ ಎಂಬುದು ಮಾತ್ರ ಈ ಬುದ್ಧಿವಂತನ ತಲೆಗೆ ಹೊಳೆಯಲಿಲ್ಲ. ಬೆಳಿಗ್ಗೆ ಬಳ್ಳಾರಿಯಲ್ಲಿ ಸಭೆ, ಹನ್ನೆರಡಕ್ಕೆ ಕುರುಗೋಡಿನಲ್ಲಿ ಒಂದು ಹಾಸ್ಟೆಲ್ ಕಟ್ಟಡ ನೋಡುವುದು, ಎರಡಕ್ಕೆ ಸಿರುಗುಪ್ಪದಲ್ಲಿ ಅಹವಾಲು, ನಾಲ್ಕಕ್ಕೆ ನಮ್ಮ ಹಳ್ಳದ ಸ್ಥಳ ಪರಿಶೀಲನೆ ಎಂದು ಹಾಕಿದ್ದೆ. ಕುರುಗೋಡಿಗೆ ಬಂದವರು ಕಾರ್ತಿಕ ಸೋಮವಾರ ಬಸವೇಶ್ವರನ ದರ್ಶನ ಬಿಟ್ಟು ಹೋದಾರೇ? ದರ್ಶನ, ಅಭಿಷೇಕ, ಪ್ರಸಾದ, ಆಮೇಲೆ ಯಾರದೋ ಮನೆಯಲ್ಲಿ ಊಟ, ಊಟದ ಮೇಲೆ ಶಾಲು. ನನ್ನನ್ನು ಮೊದಲೇ ಸಿರುಗುಪ್ಪಕ್ಕೆ ಕಳಿಸಿದ್ದರಲ್ಲ, ಅಲ್ಲಿಂದ ನಮ್ಮ ಶಿರಸ್ತೇದಾರ ಎರ್ರಣ್ಣ ಸಾಹೇಬರಿಗೆ ಫೋನ್ ಹಚ್ಚಿದಾಗಲೆಲ್ಲ "ಹೊಂಟ್ವಿ ಹೊಂಟ್ವಿ, ಮಂಗಳಾರತಿ ಆಗಾಕತ್ತೈತಿ" ಎನ್ನುತ್ತಿದ್ದರು. ಊರವರ ಬಿಡುವಿಗೆಂದು ನಾನು ಆರಿಸಿದ ದಿನವೇ ಊರವರ ಹೊತ್ತನ್ನು ತಿಂದಿತು. ನಿನ್ನನ್ನು ಒಂದು ಮಾತು ಕೇಳಿದ್ದರೆ ನೀನು ಪಂಚಾಂಗ ನೋಡದೆಯೇ ಹೇಳುತ್ತಿದ್ದೆ. ಕೇಳಲಿಲ್ಲ.

ಸಮಿತಿಯವರು ಬರುವಾಗ ಐದಕ್ಕೆ ಹತ್ತು ನಿಮಿಷ ಬಾಕಿ. ಹಳ್ಳಕ್ಕೆ ಹೋಗುವ ಮಾತು ಅಲ್ಲಿಗೇ ಬಿತ್ತು. ಇಪ್ಪತ್ತಮೂರು ವಿಷಯ ಬಾಕಿ, ನಮ್ಮದು ಹದಿನಾಲ್ಕನೆಯದು. ನಮ್ಮ ಪಾಳಿಗೆ ಇನ್ನೂ ಒಂದು ಗಂಟೆಯಾದರೂ ಬೇಕು ಎಂದುಕೊಂಡೆ. ನೀನು ಸೋಮವಾರದ ಉಪವಾಸ, ಮುಂಜಾನೆಯಿಂದ ಹನಿ ನೀರು ಕುಡಿದಿರಲಿಲ್ಲ, ತುಟಿ ಒಣಗಿ ಬೆಳ್ಳಗಾಗಿತ್ತು. "ಏನ್ಲೇ, ನಮ್ ಪಾಳಿ ಬರ್ತೈತೋ ಇಲ್ಲೋ?" ಎಂದು ನೀನು ಕೇಳಿದೆ. "ಇನ್ನೂ ಹೊತ್ತೈತಿ ಅಕ್ಕಾ, ಒಂದು ಚಾ ಕುಡದು ಬಾ ಹೋಗು" ಎಂದು ಕಳಿಸಿದವನು ನಾನು. ನೀನು ಒಲ್ಲೆ ಎಂದೆ, ನಾನೇ ಗದರಿದೆ. ಈ ಬಾಯಿಗೆ ಹುಳ ಬೀಳಲಿ.

ಈಗ ಹೇಳುವುದನ್ನು ಮಾವ ನಿಧಾನವಾಗಿ ಓದಲಿ. ಬೆಳಿಗ್ಗೆ ನೀವು ಬಂದ ಕೂಡಲೇ ಒಂದು ಹಾಳೆಗೆ ಎಲ್ಲರ ಸಹಿ ಮಾಡಿಸಿಕೊಂಡೆನಲ್ಲ, ಮೇಲೆ ವಿಷಯದ ಸಂಖ್ಯೆ, ಕೆಳಗೆ ಸಹಿ, ನಡುವೆ ಖಾಲಿ. ಅದು ನಮ್ಮ ಕಚೇರಿಯ ರೂಢಿ. ಸಂಜೆಯಾದರೆ ಜನ ಬಸ್ಸಿಗೆ ಓಡುತ್ತಾರೆ, ಸಹಿಯಿಲ್ಲದ ನಡಾವಳಿ ವಾಪಸು ಬರುತ್ತದೆ, ಆದ್ದರಿಂದ ಮೊದಲೇ ಮಾಡಿಸಿಡುವುದು. ಇಪ್ಪತ್ತೆರಡು ವರ್ಷದಿಂದ ಹಾಗೇ ಮಾಡಿದ್ದೇನೆ, ಯಾರಿಗೂ ಕೆಟ್ಟದಾಗಲಿ ಎಂದು ಮಾಡಿದ್ದಲ್ಲ. ಒಳಗೆ ಅಧ್ಯಕ್ಷರು ಗಡಿಯಾರ ನೋಡಿ, "ಯಾವುದಕ್ಕೆ ಸಹಿ ಎಲ್ಲ ಆಗಿದೆಯೋ ಅವನ್ನು ಮೊದಲು ಮುಗಿಸೋಣ" ಎಂದರು. ಉಳಿದ ವಿಷಯಗಳ ಜನ ತಡವಾಗಿ ಬಂದವರು, ಅವರ ಸಹಿ ಪೂರ್ತಿ ಆಗಿರಲಿಲ್ಲ; ಇಪ್ಪತ್ತಮೂರರಲ್ಲಿ ಅಚ್ಚುಕಟ್ಟಾಗಿ ಸಿದ್ಧವಿದ್ದದ್ದು ಒಂದೇ, ನನ್ನದು. ಹದಿನಾಲ್ಕನೆಯದು ಮೊದಲನೆಯದಾಯಿತು. ಇಂಜಿನಿಯರ್ ಫೋಟೋ ತೋರಿಸಿದರು, ಕಬ್ಬಿಣದ ಕಟಾಂಜನದ ಚಂದದ ಸೇತುವೆ. ಅದು ರಾರಾವಿಯ ದಾರಿಯಿಂದ ಬೇರೆ ಕಡೆಗೆ ಒಡೆಯುವ ರಸ್ತೆಯದು, ಅದರ ಮೇಲೆ ನಾನೇ ನೂರು ಸಲ ಓಡಾಡಿದ್ದೇನೆ. ಅಧ್ಯಕ್ಷರು "ಅರ್ಜಿದಾರರು ಇದ್ದಾರಾ?" ಎಂದು ಕೇಳಿದ್ದು ನಿಜ ಅಕ್ಕಾ. ಕೇಳಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಎರ್ರಣ್ಣ ಸಾಹೇಬರು "ಬಂದಿದ್ರು, ಸಹಿ ಅದಾವ್ ಸಾರ್" ಎಂದರು. ನಾನು ಅವರ ಹಿಂದೆಯೇ ಫೈಲು ಹಿಡಿದು ನಿಂತಿದ್ದೆ. ಕಿಟಕಿಯಿಂದ ಚಾ ಅಂಗಡಿ ಕಾಣುತ್ತಿತ್ತು, ನೀನು ಸಾಸರಿಗೆ ಬಗ್ಗಿಸಿಕೊಂಡು ಊದುತ್ತಿದ್ದುದು ಕಾಣುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ವಿಷಯ ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಅಷ್ಟೇ ಆಗಿದ್ದರೆ ಹೇಡಿ ಎಂದು ಬೈದು ಸುಮ್ಮನಾಗಬಹುದಿತ್ತು. ಎರ್ರಣ್ಣ ಸಾಹೇಬರು ಹಾಳೆ ನನ್ನ ಕೈಗೆ ಕೊಟ್ಟು, "ನಡುವ ಒಂದು ಸಾಲು ಬರಿಯಪಾ, ನಿನ್ನ ಅಕ್ಷರ ಚಂದ ಅದಾವ್" ಎಂದರು. ಬರೆದೆ. 'ಅರ್ಜಿದಾರರ ಅಹವಾಲು ಆಲಿಸಲಾಯಿತು. ಕಾಮಗಾರಿ ಪೂರ್ಣಗೊಂಡಿರುವ ಬಗ್ಗೆ ಅವರು ತೃಪ್ತಿ ವ್ಯಕ್ತಪಡಿಸಿರುತ್ತಾರೆ.' ಅದರ ಕೆಳಗೆ ಮೊದಲನೆಯ ಹೆಸರು ನಿನ್ನದು. ಉಚ್ಚಂಗೆಮ್ಮ ಎಂದು ಬರೆಯಲು ನಿನಗೆ ಕಲಿಸಿದವನು ನಾನು, ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ನೀನು ನನಗೆ ರೊಟ್ಟಿ ಬಡಿಯುತ್ತಿದ್ದಾಗ ಹಿಟ್ಟಿನ ಮೇಲೆ ಬೆರಳಾಡಿಸಿ. ಅವ್ವ ಸತ್ತ ಮೇಲೆ ನನಗೆ ಅವ್ವನಾದವಳು ನೀನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಆ ಪೂಜಾರಿ ನಿನ್ನ ಮನೆಯಲ್ಲೇ ಬೆಳೆದ.

ನೀನು ವಾಪಸು ಬಂದಾಗ ಸೆರಗಿನಲ್ಲಿ ಎರಡು ವಡೆ ಕಟ್ಟಿಕೊಂಡು ಬಂದಿದ್ದೆ, "ನೀನೂ ಮುಂಜಾನಿಂದ ಏನೂ ತಿಂದಿಲ್ಲ, ತಿನ್ನಲೇ" ಎಂದು. ತಿಂದೆ ಅಕ್ಕಾ, ನಿನ್ನ ಮುಂದೆಯೇ ನಿಂತು ತಿಂದೆ. ನಮ್ಮದು ಆಯಿತಾ ಎಂದು ಕೇಳಿದಾಗ "ಬರಕೊಂಡಾರ" ಎಂದೆ. ಅದೂ ಸುಳ್ಳಲ್ಲ. ಇಂಜಿನಿಯರರ ಡ್ರೈವರ್ ನಗುತ್ತಾ "ನಿಮ್ಮೂರ ಸೇತುವಿ ಮುಗದೈತಂತಲ್ಲಬೇ" ಎನ್ನದಿದ್ದರೆ ಇನ್ನೂ ಒಂದು ತಿಂಗಳು ನನ್ನನ್ನು ನಂಬಿಕೊಂಡಿರುತ್ತಿದ್ದೆ. ನೀನು ನನ್ನ ಮುಖ ನೋಡಿದೆ, ಚಪ್ಪಲಿ ಮೆಟ್ಟಿಕೊಂಡೆ, ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಜೋಗಪ್ಪ ತಾತ ನನ್ನ ಕಡೆ ತಿರುಗಿ ಉಗುಳಿ ಹೋದ. ಅವನು ಉಗುಳಿದ್ದು ನನಗೆ ನೋವಾಗಲಿಲ್ಲ.

ಸಮಿತಿಯವರು ಹೋಗುವಾಗ ವ್ಯವಸ್ಥೆ ಚೆನ್ನಾಗಿತ್ತೆಂದು ನನ್ನ ಬೆನ್ನು ತಟ್ಟಿದರು. ಮನೆಯಲ್ಲಿ ಇದನ್ನು ಹೇಳಿದಾಗ ವೀರಭದ್ರಮ್ಮ ತಟ್ಟೆ ಕುಕ್ಕಿ ಒಳಗೆ ಹೋದಳು. ಅವಳೂ ಮಾತು ಬಿಟ್ಟಿದ್ದಾಳೆ. ಒಟ್ಟಿನಲ್ಲಿ ನನ್ನ ಮನೆ ಬಹಳ ಶಾಂತವಾಗಿದೆ.

ನಾಗಲಕ್ಷ್ಮಿಯ ಫೋಟೋಕ್ಕೆ ನನ್ನ ಹೆಸರಿನಲ್ಲಿ ಹೂವು ಏರಿಸಬೇಡ, ನಾನೇ ಬಂದು ಏರಿಸುವ ಮುಖ ಬರುವವರೆಗೆ ಬೇಡ. ಮಾವನಿಗೆ ಶರಣು. ನಿನ್ನ ಕಾಲು ಮುಟ್ಟುತ್ತೇನೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಮುಟ್ಟಿದ್ದೇನೆ. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಹುಲುಗೇಶ

ತಾ.ಕ.: ಇದೊಂದು ಬರೆಯಲು ಮರೆತಿದ್ದೆ. ಮರೆತಿರಲಿಲ್ಲ, ಕೈ ಬರಲಿಲ್ಲ. ಲಕೋಟೆಯಲ್ಲಿ ಇನ್ನೊಂದು ಹಾಳೆಯಿದೆ, ಸಮಿತಿಗೆ ನಿನ್ನ ಹೆಸರಿನ ತಕರಾರು. ವರದಿ ಬೆಳಗಾವಿ ಅಧಿವೇಶನಕ್ಕೆ ಹೋಗುವ ಮೊದಲು, ಡಿಸೆಂಬರ್ ಒಂದರೊಳಗೆ ಸ್ಪೀಡ್ ಪೋಸ್ಟಿನಲ್ಲಿ ಮುಟ್ಟಬೇಕು. ಮುಟ್ಟಿದರೆ ವಿಷಯ ಪಟ್ಟಿಯಲ್ಲಿ ಉಳಿದೀತು. ಸೇತುವೆ ಆಗುತ್ತದೆ ಎಂದು ಮಾತ್ರ ನಾನು ಹೇಳಲಾರೆ, ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಆದದ್ದನ್ನು ನೋಡಿಲ್ಲ. ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡವರು ಯಾರು ಎಂಬಲ್ಲಿ ಜಾಗ ಬಿಟ್ಟಿದ್ದೇನೆ. ಮೂರು ಸಲ ಪೆನ್ನು ಹಿಡಿದೆ, ನನ್ನ ಹೆಸರನ್ನು ನಾನೇ ಬರೆಯಲಾಗಲಿಲ್ಲ. ಮಾವನ ಕೈಯಲ್ಲಿ ಬರೆಸು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಈ ಹೊತ್ತಿಗೆ ಇದೆ, ನಾಳೆಗೆ ಇರುತ್ತದೋ ಇಲ್ಲವೋ, ಅದಕ್ಕೇ ಇವತ್ತೇ ಪೋಸ್ಟಿಗೆ ಹಾಕುತ್ತಿದ್ದೇನೆ. ಮತ್ತೆ ಅಕ್ಕಾ, ಸಹಿ ಮಾಡುವ ಮೊದಲು ಆ ಹಾಳೆಯನ್ನು ಮಾವನಿಂದ ಎರಡು ಸಲ ಪೂರ್ತಿ ಓದಿಸಿ ಕೇಳು. ತಮ್ಮ ಕಳಿಸಿದ ಕಾಗದ ಎಂದು ಸುಮ್ಮನೆ ಸಹಿ ಹಾಕಬೇಡ.