ಹೆರ್ವೆಯ ಮೇಣದ ಶಿಲುಬೆ

ಲಾಂಪೋಲ್, ಉಶಾಂ ದ್ವೀಪ
ಶುಕ್ರವಾರ, ೯ ಮಾರ್ಚ್ ೧೯೧೭

ನನ್ನ ಸೊಸೆ ಕಟೆಲ್‌ಳಿಗೆ,

ನಿನಗೂ ಮಗು ಮೋನಾಳಿಗೂ ಮರಿಯಮ್ಮನವರ ಕಾವಲಿರಲಿ. ಇವತ್ತು ತಪಸ್ಸುಕಾಲದ ಶುಕ್ರವಾರ, ಸಂಜೆಯವರೆಗೆ ಏನೂ ಮುಟ್ಟುವುದಿಲ್ಲ. ಬೆಳಿಗ್ಗೆ ಹಸು ಕರೆದು, ಕುರಿಗಳ ಗೂಟ ಕಿತ್ತು ಹುಲ್ಲಿರುವ ಕಡೆ ಹೊಡೆದು, ದಂಡೆಯಿಂದ ಕಡಲಪಾಚಿ ಹೊತ್ತು ತಂದು ಆಲೂಗಡ್ಡೆ ಹೊಲಕ್ಕೆ ಹಾಸಿದೆ. ಹಸಿವಿಗಿಂತ ಸುಸ್ತೇ ಹೆಚ್ಚು. ಕೂತರೆ ಏಳುವುದಿಲ್ಲವೆಂದು ನಿಂತುಕೊಂಡೇ ಜಪಸರ ಮುಗಿಸಿ, ಈಗ ಕೂತಿದ್ದೇನೆ.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಹೆರ್ವೆಗೆ ಪ್ರೊಯೆಲ್ಲಾ ಮಾಡಿಸಲು ಒಪ್ಪಿದ್ದೇನೆ. ಪವಿತ್ರ ವಾರ ಬರುವುದರೊಳಗೆ ಆಗಲಿ ಎಂದು ಗುರುಗಳು ಹೇಳಿದ್ದಾರೆ. ಹೆಂಡತಿಯಾದ ನೀನು ಇಲ್ಲದೆ ಅದು ನಡೆಯುವುದಿಲ್ಲ. ಬ್ರೆಸ್ಟ್‌ನಲ್ಲಿ ಫಿರಂಗಿ ಶೆಲ್ಲಿಗೆ ಮದ್ದು ತುಂಬುವ ಕೆಲಸಕ್ಕೆ ರಜೆ ಕೇಳಿ ಬಾ.

ನೀನು ಆಚೆ ದಡದವಳು, ಇದನ್ನು ಕಂಡವಳಲ್ಲ. ಕಡಲಿಗೆ ಹೋಗಿ ಹೆಣ ಸಿಗದ ಗಂಡಸಿಗೆ ನಮ್ಮ ದ್ವೀಪದಲ್ಲಿ ಗೇಣುದ್ದಕ್ಕಿಂತ ಚಿಕ್ಕದೊಂದು ಮೇಣದ ಶಿಲುಬೆ ಮಾಡಿಸುತ್ತೇವೆ. ಅದೇ ಅವನು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹೆಂಡತಿಯ ತಲೆವಸ್ತ್ರ ಮಡಿಸಿ, ಅದರ ಮೇಲೆ ಮಲಗಿಸುತ್ತೇವೆ. ಬಂದವರೆಲ್ಲ ಪವಿತ್ರ ನೀರು ಚಿಮುಕಿಸಿ ಬೆಳಗಿನವರೆಗೆ ಪ್ರಾರ್ಥಿಸುತ್ತಾರೆ. ಬೆಳಿಗ್ಗೆ ಗುರುಗಳು ಮನೆಗೇ ಬರುತ್ತಾರೆ, ಶವ ಎತ್ತಲು ಬರುವ ಹಾಗೆ. ದೀಕ್ಷಾಸ್ನಾನದ ದಿನ ಅವನನ್ನು ಎತ್ತಿಕೊಂಡಿದ್ದ ಧರ್ಮತಂದೆ ಟೋಪಿ ತೆಗೆದು, ಶಿಲುಬೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಇಗರ್ಜಿಗೆ ನಡೆಯುತ್ತಾನೆ. ಪೂಜೆ ಮುಗಿದ ಮೇಲೆ ಶಿಲುಬೆಯನ್ನು ಉಳಿದವರ ಶಿಲುಬೆಗಳ ಜೊತೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಿನ್ನ ಮಾವನದು ಹಾಗೆಯೇ ಆಯಿತು. ಹೆರ್ವೆ ಆಗ ನನ್ನ ಸೆರಗು ಹಿಡಿದು ನಡೆಯುತ್ತಿದ್ದ.

ಹೆರ್ವೆಯದನ್ನು ಎರಡು ಚಳಿಗಾಲ ತಡೆದವಳು ನಾನೇ. ಡಿಕ್ಸ್‌ಮುಯ್ಡ್ ಊರಿನ ಹತ್ತಿರ ಕಾಣೆಯಾಗಿದ್ದಾನೆ ಎಂದು ನೌಕಾದಳದಿಂದ ಕಾಗದ ಬಂದ ತಿಂಗಳಲ್ಲೇ ಧರ್ಮತಂದೆ ತುವಾಲ್ ಪದ್ಧತಿಯಂತೆ ಮುಸ್ಸಂಜೆ ಬಂದು ಕಿಟಕಿ ತಟ್ಟಿದ್ದ. ‘ಇವತ್ತು ನಿನ್ ಮನೇಲಿ ಪ್ರೊಯೆಲ್ಲಾ ಕಣಮ್ಮ’ ಎಂದ. ನಾನು ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಹೇಳಿದೆ: ‘ಕಡಲು ನುಂಗಿದೋರಿಗೆ ಮಾಡೋದು ಅದು. ನನ್ ಮಗ ಕಡಲಿಗೆ ಹೋಗಿಲ್ಲ, ಮಣ್ಣು ಅಗೆಯಕ್ಕೆ ಹೋಗಿದಾನೆ. ಮಣ್ಣಲ್ಲಿ ಯಾರ್ ಮುಳುಗ್ತಾರೆ? ಹೋಗ್, ನಿನ್ ಕುರಿ ನೋಡ್ಕೋ.’

ಮುದುಕ ಹೊರಗೆ ನಿಂತು, ‘ಸರಿ ಬಿಡು, ನಂಗೂ ಮಂಡಿ ನೋವು’ ಎಂದು ಹೊರಟುಹೋದ. ಆಮೇಲೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅವನು ಒಳ್ಳೆಯವನು.

ಕಳೆದ ವಾರ ಮೊಲೇನ್ ದ್ವೀಪದ ಕೊರೆಂಟಿನ್ ಬಂದಿದ್ದ. ಒಂದು ತೋಳಿಲ್ಲ. ಇನ್ನು ಬಂದೂಕು ಹಿಡಿಯಲಾರನೆಂದು ಜರ್ಮನರು ಸೆರೆಯಿಂದ ಬಿಟ್ಟು ಕಳಿಸಿದ್ದಾರೆ. ಹೆರ್ವೆಯ ಜೊತೆ ಅದೇ ಕಂದಕದಲ್ಲಿದ್ದವನು. ನಿನಗೆ ಎಲ್ಲ ಹೇಳಿಯೇ ಇಲ್ಲಿಗೆ ಬಂದನಂತೆ. ನೀನು ನನಗೆ ಒಂದು ಸಾಲೂ ಬರೆಯಲಿಲ್ಲ. ನಿನ್ನಿಂದ ಕೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅದು ನಿನಗೂ ಗೊತ್ತು.

ಬಾರ್ಲಿ ಗಂಜಿ ಕೊಟ್ಟೆ. ಒಂದೇ ಕೈಯಲ್ಲಿ ಉಣ್ಣುತ್ತಾ ಹೇಳಿದ. ಹಡಗಿನ ಹುಡುಗರನ್ನು ಹಡಗಿಲ್ಲದ ಕಡೆ ಇಳಿಸಿ, ಕೈಗೆ ಗುದ್ದಲಿ ಕೊಟ್ಟರಂತೆ. ಅಗೆದಷ್ಟೂ ನೀರು, ಎತ್ತಿ ಹಾಕಿದ ಮಣ್ಣು ಮತ್ತೆ ಒಳಗೇ ಜಾರುವುದು. ಆದರೂ ಹೆರ್ವೆ ನಗಿಸುತ್ತಿದ್ದನಂತೆ. ‘ನಮ್ ದ್ವೀಪದಲ್ಲಿ ಗಂಡಸರು ಗುದ್ದಲಿ ಮುಟ್ಟಲ್ಲ ಕಣ್ರೋ. ಇದನ್ನ ತೋಡಕ್ಕೆ ನಮ್ಮವ್ವನ್ನ ಕರ್ಸಿದ್ರೆ ಇಷ್ಟೊತ್ತಿಗೆ ಮುಗ್ಸಿ, ಆಲೂಗಡ್ಡೆನೂ ನೆಟ್ಟಿರ್ತಿದ್ಲು’ ಎನ್ನುತ್ತಿದ್ದನಂತೆ. ಅದು ಅವನದೇ ಮಾತು. ಬೇರೆ ಯಾರೂ ಹುಟ್ಟಿಸಿ ಹೇಳಲಾರರು. ಅಲ್ಲಿಂದ ಮುಂದೆ ನಾನು ಕೊರೆಂಟಿನ್‌ನನ್ನು ನಂಬಿದೆ.

ಶೆಲ್ಲು ಬಿದ್ದಾಗ ಕಂದಕದ ಗೋಡೆ ಹುಡುಗರ ಮೇಲೆ ಕುಸಿಯಿತು. ಇವನು ಉಳಿದಿದ್ದ ಕೈಯಲ್ಲಿ, ಊಟದ ತಟ್ಟೆಯಲ್ಲಿ ತೋಡಿದನಂತೆ. ತೋಡಿದ ಗುಂಡಿ ನೀರಿನಿಂದ ತುಂಬಿಕೊಳ್ಳುತ್ತಿತ್ತು. ಹೆರ್ವೆಯ ಭುಜ ಸಿಕ್ಕಿತು. ಮುಟ್ಟಿ ನೋಡಿದ, ಬಿಸಿ ಇರಲಿಲ್ಲ. ಅಷ್ಟರಲ್ಲಿ ಜರ್ಮನರು ಮೇಲೆ ಬಂದು ನಿಂತಿದ್ದರು.

ನಾನು ಕೇಳಿದೆ, ‘ಮತ್ತೆ ಹೂಳಿದ್ದು ಎಲ್ಲಿ? ಹೋಗಿ ನೋಡಬಹುದಾ?’

ಅವನು ಚಮಚ ಕೆಳಗಿಟ್ಟ. ‘ಏನ್ ನೋಡ್ತೀರಾ ಬಾರ್ಬವ್ವ? ಜರ್ಮನರನ್ನ ತಡೆಯಕ್ಕೆ ಅಂತ ಆ ಊರಿನೋರು ತೂಬು ತೆಗ್ದು ಕಡಲನ್ನೇ ಹೊಲಕ್ಕೆ ಬಿಟ್ಕೊಂಡ್ರು. ಉಬ್ಬರ ಬಂದಾಗ ತೆಗೆಯೋದು, ಇಳಿಯೋದ್ರೊಳಗೆ ಮುಚ್ಚೋದು. ಈಗ ಅಲ್ಲೆಲ್ಲ ಬರೀ ನೀರು. ನಮ್ ಕಂದಕದ ನೀರು ಬಾಯಿಗೆ ಹಾಕಿ ನೋಡಿದ್ದೆ ನಾನು. ಉಪ್ಪು.’

ಉಪ್ಪು ಎಂದಾಗ ನನ್ನೊಳಗೆ ಬಿಗಿ ಹಿಡಿದದ್ದು ಬಿಟ್ಟುಹೋಯಿತು. ಅಳು ಬರಲಿಲ್ಲ. ಉರುವಲಿಗೆ ಒಣಗಿಸಿಟ್ಟ ಹುಲ್ಲುಬೇರಿನ ಹೆಂಟೆಯೊಂದನ್ನು ಒಲೆಗೆ ಹಾಕಿದೆ. ಅಷ್ಟು ದೂರದ ನೆಲದ ಮೇಲೂ ಕಡಲು ಅವನನ್ನು ಹುಡುಕಿಕೊಂಡು ಹೋಗಿದೆ ಎಂದರೆ, ಇನ್ನು ತುವಾಲ್‌ನ ಜೊತೆ ನನ್ನ ವಾದವೇನು ಉಳಿಯಿತು. ಮಾರನೆಯ ದಿನ ನಾನೇ ಅವನ ಮನೆಗೆ ಹೋಗಿ ಕಿಟಕಿ ತಟ್ಟಿದೆ. ‘ಇಷ್ಟ್ ವರ್ಷದ ಮೇಲೆ ಪದ್ಧತಿ ತಿರುಗಿಸಿಬಿಟ್ಯಾ, ಹುಡುಗಿ?’ ಎಂದ. ಆಮೇಲೆ ಬಾಗಿಲಿಗೆ ಒರಗಿ ಅತ್ತ. ಮೇಣ ಅವನೇ ತಂದಿಟ್ಟಿದ್ದಾನೆ.

ದೇವರ ಮೇಲೆ ನನಗೆ ಸಿಟ್ಟಿಲ್ಲ ಎಂದು ಗುರುಗಳಿಗೆ ಹೇಳಿದೆ. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕು. ಅವರು ನಗಲಿಲ್ಲ, ಬೈಯಲಿಲ್ಲ.

ನಿನ್ನ ಮದುವೆಯ ತಲೆವಸ್ತ್ರ ಮರೆಯದೆ ತಾ. ಹೆರ್ವೆ ಮಲಗಬೇಕಾದದ್ದು ಅದರ ಮೇಲೆ. ನನ್ನದು ಅವನ ಅಪ್ಪನಿಗೆ ಹೋಯಿತು. ಮೋನಾಳಿಗೆ ಬೆಚ್ಚಗೆ ಹೊದಿಸಿ ಕರೆದುಕೊಂಡು ಬಾ. ದೋಣಿಯಲ್ಲಿ ಗಾಳಿ ಬಹಳ.

ನಿನ್ನ ಅತ್ತೆ,
ಬಾರ್ಬಾ

ಮರೆತದ್ದು:

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊರೆಂಟಿನ್ ಹೊರಡುವಾಗ ಹೊಸ್ತಿಲಲ್ಲಿ ನಿಂತು ಮತ್ತೊಂದು ಸಂಗತಿ ಹೇಳಿದ. ಹಡಗುಕಟ್ಟೆಯ ಬಡಗಿ ಮಾತುರಿನ್ ನಿನ್ನನ್ನು ಮದುವೆಗೆ ಕೇಳಿದ್ದಾನೆ; ‘ನಮ್ಮತ್ತೆ ಒಪ್ಪೋ ತನಕ ನಂಗೆ ಗಂಡ ಇದಾನೆ’ ಎಂದು ನೀನು ಅವನನ್ನು ವಾಪಸ್ಸು ಕಳಿಸಿದ್ದೀಯ. ಕುಡಿಯುತ್ತಾನಾ ಎಂದು ಕೇಳಿದೆ. ‘ನನಗಿಂತ ಕಮ್ಮಿ’ ಎಂದ. ಅದೇನೂ ದೊಡ್ಡ ಮಾತಲ್ಲ. ಮೋನಾ ಅವನ ಹೆಗಲ ಮೇಲೆ ಕೂತು ಪೇಟೆ ಸುತ್ತುತ್ತಾಳಂತೆ, ಅದು ಸಾಕು.

ನಮ್ಮ ದ್ವೀಪದಲ್ಲಿ ಸರ್ಕಾರದ ಕಾಗದದಿಂದ ಹೆಣ್ಣು ವಿಧವೆಯಾಗುವುದಿಲ್ಲ, ಶಿಲುಬೆ ಇಗರ್ಜಿಗೆ ಹೋದ ಮೇಲೆ ಆಗುತ್ತಾಳೆ. ಪೂಜೆ ಮುಗಿದು ನೀನು ಹೊರಗೆ ಬಂದರೆ, ಆಮೇಲೆ ನಿನ್ನನ್ನು ತಡೆಯುವವರು ಯಾರೂ ಇಲ್ಲ, ನಾನೂ ಇಲ್ಲ. ಇನ್ನು ಒಂದೇ ಒಂದು. ಮಗು ನನ್ನನ್ನು ಅಜ್ಜಿ ಎನ್ನುವುದನ್ನು ಯಾರೂ ಬಿಡಿಸಬಾರದು.

ನೀನು ಬರುವ ದಿನ ಯಾವುದೆಂದು ಬರೆ. ಹೆರ್ವೆ ಹೋದಾಗಿನಿಂದ ದೋಣಿ ಬಂದಾಗಲೆಲ್ಲ ನಾನು ಬಂದರಿಗೆ ಇಳಿದು, ಕೊನೆಯ ಮನುಷ್ಯ ಇಳಿದು ಬರುವವರೆಗೂ ನಿಲ್ಲುತ್ತಿದ್ದೆ. ಇನ್ನು ಹೋಗುವುದಿಲ್ಲ. ಕಾಗದದ ಮೇಲೆ ತುವಾಲ್‌ನ ಹೆಸರು ಬರೆದು ಕಳಿಸು. ಅವನೇ ಬಂದರಿಗೆ ಹೋಗಿ ತಂದುಕೊಡಲಿ.