ಹೊರಗೆ ಕಾಣದ ಚಪ್ಪಲಿ

ಅತ್ತೆಯವರಿಗೆ ನಮಸ್ಕಾರಗಳು.

ನಿನ್ನೆ ನೀವು ಬಾಗಿಲು ತಟ್ಟಿದಾಗ ನಾವು ಒಳಗೇ ಇದ್ದೆವು.

ನಿಮ್ಮ ಮಗ ಕೊಂಡ ವ್ಯಾನಿನ ಸಾಲದ ಕಂತು ಕಟ್ಟಿದರೆ ಮನೆ ಬಾಡಿಗೆಗಿಲ್ಲ, ಬಾಡಿಗೆ ಕೊಟ್ಟರೆ ಹಾಲಿಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎನ್ನುತ್ತೀರಿ, ಮಡಚಿಕೊಂಡರೂ ಸಾಲುತ್ತಿಲ್ಲ. ವಸೂಲಿಯವರು ಹೊತ್ತುಗೊತ್ತಿಲ್ಲದೆ ಬರುತ್ತಾರೆ. ಅದಕ್ಕೇ ಚಪ್ಪಲಿಗಳನ್ನು ಒಳಗಿಟ್ಟು, ಫ್ಯಾನ್ ಆರಿಸಿ, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಕೂರುತ್ತೇವೆ.

ನೀವು “ಪುಟ್ಟೀ” ಎಂದು ಕೂಗಿದ್ದು ಕೇಳಿ ಓಗೊಡಲು ಹೋದೆ. ನಿಮ್ಮ ಮೊಮ್ಮಗಳು ಪುಟ್ಟಿಯೇ ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿ, “ಮಾತಾಡ್ಬೇಡಮ್ಮ, ಅವ್ರೇ ಅಜ್ಜಿ ಥರ ಕೂಗ್ತಿದಾರೆ” ಎಂದಳು. ಅವಳ ಕೈ ಬಿಡಿಸಿಕೊಂಡು ಬಾಗಿಲು ತೆರೆದಾಗ ಬೀದಿಯ ತಿರುವಿನಲ್ಲಿ ನಿಮ್ಮ ಬೆನ್ನು ಕಂಡಿತು. ಬೀದಿಯವರಿಗೆ ಕೇಳೀತೆಂದು ಕೂಗದೆ ಬಾಗಿಲು ಹಾಕಿಕೊಂಡೆ.

ಇದನ್ನು ಓದಿ ಸಾಲಕ್ಕೆಂದು ಚಿನ್ನದ ಬಳೆ ಬಿಚ್ಚಿಕೊಡಲು ಹೊರಡಬೇಡಿ ಅತ್ತೆ. ವ್ಯಾನ್ ಮಾರಿ ಸಾಲ ತೀರಿಸೋಣ ಎಂದರೆ ನಿಮ್ಮ ಮಗ, “ಅಮ್ಮಂಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?” ಎನ್ನುತ್ತಾರೆ. “ಮಾರಿಬಿಡಪ್ಪ” ಎಂದು ನೀವೇ ಒಂದು ಮಾತು ಹೇಳಬೇಕು.

ಭಾನುವಾರ ಬನ್ನಿ. ಅವತ್ತು ಯಾರೇ ಬರಲಿ, ನಮ್ಮ ಚಪ್ಪಲಿಗಳು ಹೊರಗೇ ಇರುತ್ತವೆ.

ಇಂತಿ,
ನಿಮ್ಮ ಸೊಸೆ