ಗ್ರಹಣದಿಂದಲ್ಲವಂತೆ

ಅಮ್ಮಾ,

ನಾನೀಗ ಬಸುರಿ. ಇವತ್ತಿನ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಬಂತು. ಮೊದಲ ತಿಂಗಳುಗಳಲ್ಲಿ ಮಗುವಿಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಗತಿಯಂತೆ. ಮಗುವಿನ ಮೆದುಳಿನ ಜೀವಕೋಶಗಳ ಕೇಂದ್ರದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಅದಕ್ಕಾಗಿ ಕಾದಿರುತ್ತವಂತೆ. ಅದು ಸಿಗದಿದ್ದರೆ ಮೆದುಳು ಸರಿಯಾಗಿ ಬೆಳೆಯುವುದಿಲ್ಲವಂತೆ.

ಡಾಕ್ಟರಿಗೆ ಅಣ್ಣನ ವಿಷಯ ಹೇಳಿದೆ. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿನ ನೀನು ಅಂಗಳಕ್ಕೆ ಇಳಿದದ್ದರಿಂದಲೇ ಅವನ ಬುದ್ಧಿ ಬೆಳೆಯಲಿಲ್ಲ ಎಂದು ಅಜ್ಜಿ ಅಂದದ್ದನ್ನೂ, ಸಾಯುವವರೆಗೆ ನೀನು ಅದನ್ನು ನಂಬಿದ್ದನ್ನೂ ಹೇಳಿದೆ.

"ನಿಮ್ಮ ತಾಯಿಗೂ ಇದೇ ಇದ್ದಿರಬಹುದು. ಆಗ ಯಾರೂ ನೋಡ್ತಿರಲಿಲ್ಲ. ಅವರದ್ದು ಎಂತ ತಪ್ಪೂ ಇಲ್ಲ" ಎಂದರು.

ಮಣ್ಣಗುಡ್ಡದ ಮನೆಗೆ ಬಂದು, ನಿನ್ನ ತಪ್ಪಲ್ಲವಂತೆ ಎಂದು ಅಣ್ಣನಿಗೆ ಹೇಳಿದೆ. ಹೇಳಲು ಬೇರೆ ಯಾರಿದ್ದಾರೆ?

"ಅಮ್ಮನಿಗೆ ಗೊತ್ತುಂಟಾ?" ಎಂದು ಕೇಳಿದ.

"ಇಲ್ಲ" ಎಂದೆ.

"ಬಾ, ಹೇಳಿ ಬರುವ" ಎಂದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.